ಕೂಸಿನ ತುತ್ತು ಗುತ್ತಿಗೆದಾರನ ಪಾಲಾಗದಿರಲಿ

ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎಂಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ತೀರ ಬಡಕಲಾಗಿದ್ದರು. ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ: ಕರ್ನಾಟಕದಲ್ಲಿ ಶೇಕಡ 8.4, ಇಡೀ ದೇಶದಲ್ಲಿ 7.7. ಈ ಒಂದು ವಿಷಯದಲ್ಲಿ ನಾವು ದೇಶಕ್ಕಿಂತ ಮುಂದಿದ್ದೇವೆಂದು ಬೀಗಬೇಕೆ?

ಇಂಥ ಕೂಸಿಗೆ ಬರಿಯ ಗಂಜಿ ಸಾಲದು. ಹೊಟ್ಟೆ ಚಿಕ್ಕದು, ಬೇಕಾದ ಶಕ್ತಿ ದೊಡ್ಡದು. ಈ ಗಂಟನ್ನು ಬಿಡಿಸಿದ್ದು 1996ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾದ ಕಡಲೆಕಾಯಿ ಲೇಹ್ಯ. 92 ಗ್ರಾಮಿನ ಪೊಟ್ಟಣದಲ್ಲಿ ಸುಮಾರು 500 ಕ್ಯಾಲೊರಿ. ನೀರು ಬೆರೆಸಬೇಕಾಗಿಲ್ಲ, ಕೊಳಕು ನೀರಿನ ಭಯವಿಲ್ಲ, ಮನೆಯಲ್ಲೇ ತಿನ್ನಿಸಬಹುದು. ಆಫ್ರಿಕದಲ್ಲಿ ಅದು ಅಸಂಖ್ಯ ಮಕ್ಕಳ ಜೀವ ಉಳಿಸಿತು. ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಅದರ ಪೇಟೆಂಟು ವರ್ಷಾನುಗಟ್ಟಲೆ ಒಂದು ಕಂಪನಿಯ ಕೈಯಲ್ಲಿತ್ತೆಂಬುದನ್ನು ಮರೆಯಲಾಗದು.

ಆ ಪೊಟ್ಟಣದಲ್ಲಿರುವುದೇನು? ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ಜೀವಸತ್ವ, ಖನಿಜ. ಚಳ್ಳಕೆರೆಯ ಎಣ್ಣೆ ಗಿರಣಿಯ ಕಾರ್ಮಿಕನಿಗೂ ಮಂಡ್ಯದ ಕಬ್ಬಿನ ರೈತನಿಗೂ ಇದರಲ್ಲಿ ಹೊಸದೇನಿದೆ? 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯವು ಆ ದಶಕದಲ್ಲೇ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು ಸೇರಿಸಿ, ಸುಣ್ಣದ ಅಂಶವನ್ನೂ ಜೀವಸತ್ವಗಳನ್ನೂ ಕೂಡಿಸಿ ಪುಷ್ಟಿಯ ಆಹಾರ ತಯಾರಿಸಿತ್ತು. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಗಂಜಿ ಗಟ್ಟಿಯಾಗದು, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆಂಬುದು ನಮ್ಮ ತಾಯಂದಿರಿಗೆ ಗೊತ್ತಿರುವ ವಿದ್ಯೆ. ಕೊರತೆ ಇರುವುದು ಸಾಮಗ್ರಿಯದಲ್ಲ, ವ್ಯವಸ್ಥೆಯದು.

ಆದರೆ ‘ನಮ್ಮೂರಿನದು’ ಎಂದ ಮಾತ್ರಕ್ಕೆ ಅದು ಮದ್ದಾಗದು. ಬೂಸಲು ಹಿಡಿದ ಕಡಲೆಕಾಯಿಯಲ್ಲಿ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ. ದನದ ಹಿಂಡಿ ಮಗುವಿನ ಆಹಾರವಲ್ಲ. ಹಾಲಿನ ಪುಡಿಯನ್ನೂ ಸತುವಿನಂಥ ಖನಿಜಗಳನ್ನೂ ಜಿಪುಣತನದಿಂದ ಕೈಬಿಟ್ಟರೆ ತೀವ್ರವಾಗಿ ಸೊರಗಿದ ಕೂಸು ಚೇತರಿಸಿಕೊಳ್ಳದು. ಊತ, ಜ್ವರ, ತುತ್ತು ನಿರಾಕರಣೆ ಕಂಡರೆ ಆಸ್ಪತ್ರೆಯೇ ಗತಿ.

ಆದ್ದರಿಂದ ನಾವು ಒತ್ತಾಯಿಸುವುದಿಷ್ಟು. ಅಂಗನವಾಡಿಯ ಆಹಾರಕ್ಕೆ ಗುತ್ತಿಗೆದಾರರು ಬೇಡ, ಹಳ್ಳಿಯ ಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಳಿಗಳಿಗೆ ಆದ್ಯತೆ ಕೊಡಿ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲೇ ಆಜ್ಞೆ ಮಾಡಿತು. ಅದು ಕಾಗದದಲ್ಲೇ ಕೊಳೆಯಬಾರದು. ಜಿಲ್ಲೆಗೊಂದು ಸಹಕಾರಿ ತಯಾರಿಕಾ ಕೇಂದ್ರ ಬೇಕು. ಕಾಳುಕಡಿ ಜಿಲ್ಲೆಯ ರೈತರಿಂದ, ಸಣ್ಣ ವರ್ತಕರಿಂದ ಕೊಳ್ಳಬೇಕು. ಪ್ರತಿ ತಂಡದ ಸರಕನ್ನೂ ಸರ್ಕಾರಿ ಪ್ರಯೋಗಾಲಯ ಪರೀಕ್ಷಿಸಿ ಫಲಿತಾಂಶವನ್ನು ಅಂಗನವಾಡಿಯ ಗೋಡೆಗೆ ಅಂಟಿಸಬೇಕು. ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗೆ ಕಡಮೆಯಿರುವ ಪ್ರತಿ ಕೂಸನ್ನೂ ಹುಡುಕಿ ತೆಗೆಯುವ ಅಂಗನವಾಡಿ ತಾಯಿಗೆ ಗೌರವಧನದ ಹೆಸರಿನ ಭಿಕ್ಷೆಯಲ್ಲ, ಸಂಬಳ ಬೇಕು.

ಕೊನೆಯದಾಗಿ ಒಂದು ಮಾತು. ಲೇಹ್ಯ ತಿಂದು ಚೇತರಿಸಿಕೊಂಡ ಕೂಸು ಮರಳುವುದು ಅದೇ ಬರಿಗಡಿಗೆಯ ಮನೆಗೆ. ತಂದೆಯ ಕೂಲಿ ಹೆಚ್ಚದೆ, ತಾಯಿ ದುಡಿಯುವ ಗಿರಣಿಯಲ್ಲಿ ಶಿಶುವಿಹಾರ ತೆರೆಯದೆ ಯಾವ ಪೊಟ್ಟಣವೂ ಈ ರೋಗವನ್ನು ಬೇರುಸಹಿತ ಕೀಳದು. ಮದ್ದಿಗಾಗಿ ಹೋರಾಡೋಣ, ಕೂಲಿಗಾಗಿ ಹೋರಾಡುವುದನ್ನು ಬಿಡದಿರೋಣ.