ಉಳಿದ ಸರಕಿನ ನಷ್ಟ ಯಾರ ಪಾಲಿಗೆ?

ಕಾಸರಕೋಡು ಟೊಂಕದ ದಡಕ್ಕೆ ದೋಣಿಗಳೆಲ್ಲ ಒಮ್ಮೆಲೇ ಬಂಗುಡೆ ತಂದರೆ ದರ ಕುಸಿಯುತ್ತದೆ. ಆದರೂ ಮಾರಾಟವಾಗದ ಮೀನಿಗೆ ಉಪ್ಪು ಹಚ್ಚಿ ಒಣಗಿಸುವ ದಾರಿಯೊಂದು ಹೊನ್ನಾವರದವರಿಗಿದೆ. ಕಂಪ್ಯೂಟರಿನ ಬಿಡಿಭಾಗಗಳಿಗೆ ಆ ದಾರಿಯೂ ಇಲ್ಲ. ಗೋದಾಮಿನಲ್ಲಿ ಉಳಿದಷ್ಟೂ ದಿನ ಅವುಗಳ ಬೆಲೆ ಸಾಮಾನ್ಯವಾಗಿ ಸವೆಯುತ್ತಲೇ ಇರುತ್ತದೆ.

2020ರಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಕ್ಕಾಗಿ ನಮ್ಮ ಊರುಗಳ ಎಷ್ಟೋ ಮನೆಯವರು ಲ್ಯಾಪ್‌ಟಾಪ್‌ಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ಚಿಪ್‌ಗಳ ಕೊರತೆ ಕಂಡ ವ್ಯಾಪಾರಿಗಳು ಹತ್ತು ಬೇಕಾದಲ್ಲಿ ಇಪ್ಪತ್ತಕ್ಕೆ ಬೇಡಿಕೆಯಿಟ್ಟರು. ಅವರಿಗೆ ಸರಬರಾಜು ಮಾಡುವವರು ತಮ್ಮ ಅಂದಾಜನ್ನೂ ಅದಕ್ಕೆ ಸೇರಿಸಿದರು. ಹೀಗೆ ಪ್ರತಿಯೊಂದು ಮೆಟ್ಟಿಲಲ್ಲೂ ಸುಳ್ಳು ಬೇಡಿಕೆ ಬೆಳೆಯಿತು. ಆದರೆ ಜಗತ್ತಿನಲ್ಲಿ 2021ರಲ್ಲಿ ಸುಮಾರು 35 ಕೋಟಿಯಷ್ಟಿದ್ದ ಪಿ.ಸಿ. ರವಾನೆ 2023ರಲ್ಲಿ ಸುಮಾರು 26 ಕೋಟಿಗೆ ಇಳಿಯಿತು. ಸರಕು ಗೋದಾಮಿನಲ್ಲೇ ಉಳಿಯಿತು.

2023ರ ಮೊದಲ ಮೂರು ತಿಂಗಳಲ್ಲಿ ಇಂಟೆಲ್ ಕಂಪೆನಿ ಸುಮಾರು 280 ಕೋಟಿ ಡಾಲರ್ ನಷ್ಟ ಅನುಭವಿಸಿತು. ಕಂಪ್ಯೂಟರ್ ತಯಾರಕರು ಹೊಸ ಚಿಪ್ ಕೊಳ್ಳದೆ ಹಳೆಯ ದಾಸ್ತಾನನ್ನೇ ಕರಗಿಸುತ್ತಿದ್ದುದು ಅದಕ್ಕೊಂದು ಮುಖ್ಯ ಕಾರಣ. ದೊಡ್ಡ ಕಂಪೆನಿ ಇಂತಹ ನಷ್ಟವನ್ನು ಲೆಕ್ಕಪತ್ರದಲ್ಲಿ ಬರೆದು ಮುಂದೆ ಸಾಗುತ್ತದೆ. ಬೆಲೆ ಇಳಿದಾಗ ವ್ಯತ್ಯಾಸ ತುಂಬಿಕೊಡುವ ಒಪ್ಪಂದಗಳೂ ದೊಡ್ಡ ವಿತರಕರಿಗೆ ಇರುತ್ತವೆ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಗದು ಕೊಟ್ಟು ಸರಕು ತಂದ ಪೇಟೆಯ ಸಣ್ಣ ಅಂಗಡಿಯವನಿಗೆ ಯಾರು ತುಂಬಿಕೊಡುತ್ತಾರೆ? ಅವನು ಅದನ್ನು ಗ್ರಾಹಕನ ಹೆಗಲಿಗೆ ದಾಟಿಸುವ ಆಮಿಷಕ್ಕೆ ಬೀಳುತ್ತಾನೆ. ಅಪಾಯವಿರುವುದು ಇಲ್ಲೇ.

ಒಂದು ಉದಾಹರಣೆ ನೋಡೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂಟೆಲ್‌ನ ಆರನೆಯ, ಏಳನೆಯ ತಲೆಮಾರಿನ ಪ್ರಾಸೆಸರ್‌ಗಳ ಪೈಕಿ ಬೆರಳೆಣಿಕೆಯವನ್ನು ಬಿಟ್ಟರೆ ಉಳಿದವುಗಳಿಗೆ ವಿಂಡೋಸ್ 11ರ ಮಾನ್ಯತೆಯಿಲ್ಲ. ಅಂತಹ ಯಂತ್ರವನ್ನು ಹೊಳಪು ಕೊಟ್ಟು 'ಹೊಸತರಂತೆಯೇ ಇದೆ' ಎಂದು ಮಾರಿದರೆ ಅದು ವ್ಯಾಪಾರವೋ, ವಂಚನೆಯೋ? ಸರಕಿನ ದೋಷವನ್ನು ಮುಚ್ಚಿಟ್ಟು ಮಾರಬಾರದೆಂಬುದು ಪ್ರವಾದಿವರ್ಯರ(ಸ) ಸ್ಪಷ್ಟ ಬೋಧನೆ. ಅಂಗಡಿಯ ಸರಕಿಗೆ ಝಕಾತ್ ಲೆಕ್ಕ ಹಾಕುವಾಗ ಕೊಂಡ ಬೆಲೆಯನ್ನಲ್ಲ, ಅಂದಿನ ಪೇಟೆ ಬೆಲೆಯನ್ನು ಪರಿಗಣಿಸಬೇಕೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಝಕಾತ್‌ಗೆ ಒಂದು ಬೆಲೆ, ಗ್ರಾಹಕನಿಗೆ ಇನ್ನೊಂದು ಎಂಬ ಎರಡು ತಕ್ಕಡಿ ನಮಗೆ ಸಲ್ಲದು.

ಈಗ ಗಾಳಿ ಮತ್ತೆ ತಿರುಗಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದ 2025ರ ಕೊನೆಗೆ ಮೆಮೊರಿಯ ಬೆಲೆ ಗಗನಕ್ಕೇರಿತು. ಸಾಮಾನ್ಯ ಗ್ರಾಹಕರಿಗೆ 'ಕ್ರೂಶಿಯಲ್' ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರವನ್ನು ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂತಹ ಹೊತ್ತಿನಲ್ಲೇ ಸಿಕ್ಕಷ್ಟನ್ನೂ ಕೂಡಿಹಾಕುವ ಆಸೆ ಹುಟ್ಟುತ್ತದೆ. ಹಿಂದಿನ ರಾಶಿ ಬೆಳೆದದ್ದೂ ಇದೇ ಆಸೆಯಿಂದಲ್ಲವೇ?

ಆದ್ದರಿಂದ ವ್ಯಾಪಾರಿ ಬಂಧುಗಳು ಪೇಟೆಯ ಗದ್ದಲವನ್ನಲ್ಲ, ತಮ್ಮ ಊರಿನ ನಿಜವಾದ ಅಗತ್ಯವನ್ನು ನೋಡಿ ಸರಕು ತರಲಿ. ಹಳೆಯದನ್ನು ಹಳೆಯದೆಂದೇ ಹೇಳಿ, ತಕ್ಕ ಬೆಲೆಗೆ ಮಾರಲಿ. ಪ್ರಾಸೆಸರ್ ಯಾವ ತಲೆಮಾರಿನದು, ವಾರಂಟಿ ಎಷ್ಟು ದಿನದ್ದು ಎಂದು ಪೋಷಕರು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. ಸರಕಿನ ನಷ್ಟ ಒಂದು ವರ್ಷದಲ್ಲಿ ತುಂಬಬಹುದು; ಕಳೆದುಹೋದ ವಿಶ್ವಾಸ ತುಂಬಲಾರದು.