ರಸೀದಿ ಇದೆ, ಆಟ ಎಲ್ಲಿ?

ಅಪ್ಪಯ್ಯ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಕರೆಂಟ್ ಬಿಲ್ಲು, ಸೊಸೈಟಿ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಏನೇ ಇರಲಿ ತಂತಿಗೆ ಚುಚ್ಚಿಡುವುದು ಅವರ ರೂಢಿ. ಮಂಡಿ ನೋವಿಂದ ಹೊರಗಿನ ಓಡಾಟ ಕಡಿಮೆಯಾದಾಗ, ಊರು ಕಟ್ಟುವ ಒಂದು ವಿಡಿಯೊ ಗೇಮನ್ನು ಅವರ ಕಂಪ್ಯೂಟರಿಗೆ ಹಾಕಿಕೊಟ್ಟೆ. 699 ರೂಪಾಯಿ. ಇಮೇಲಿಗೆ ಬಂದ ಬಿಲ್ಲನ್ನು ಪ್ರಿಂಟ್ ಹಾಕಿಸಿಕೊಂಡು ಅದನ್ನೂ ತಂತಿಗೆ ಏರಿಸಿದರು.

ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತರೆ ಒಂದು ಗಂಟೆ ಅದೇ ಕೆಲಸ. ಹೊಳೆದಂಡೆಗೊಂದು ಊರು, ಸೇತುವೆ ದಾಟಿದರೆ ಅಂಚೆ ಕಚೇರಿ, ಪಕ್ಕದಲ್ಲಿ ಶಾಲೆ. ಬೀದಿಗಳಿಗೆ ತಾವು ಕೆಲಸ ಮಾಡಿದ ಊರುಗಳ ಹೆಸರನ್ನೇ ಇಟ್ಟಿದ್ದರು: ರಿಪ್ಪನ್‌ಪೇಟೆ ರಸ್ತೆ, ಆನಂದಪುರ ರಸ್ತೆ, ಕೋಣಂದೂರು ರಸ್ತೆ. ಐದು ವರ್ಷ ಕಟ್ಟಿದ ಊರದು.

ಒಬ್ಬರೇ ಆಡುವ ಆಟ. ಆದರೂ ತೆರೆದಾಗಲೆಲ್ಲ ಕಂಪನಿಯ ಸರ್ವರಿನ ಅಪ್ಪಣೆ ಸಿಗದೆ ಶುರುವಾಗುತ್ತಿರಲಿಲ್ಲ. ಕಂಪನಿ ಆ ಸರ್ವರನ್ನು ನಿಲ್ಲಿಸಿತು. ಮಾರನೆಯ ದಿನ ಪರದೆಯ ಮೇಲೆ ಒಂದು ಸಾಲಿನ ಸಂದೇಶ, ಅಷ್ಟೆ. "ದುಡ್ಡು ಕಟ್ಟಿದೀವಲ್ಲ ಮಾರಾಯ, ರಸೀದಿ ಇದೆ" ಎಂದು ಅಪ್ಪಯ್ಯ ತಂತಿಯಿಂದ ಹಾಳೆ ತೆಗೆದು ನನ್ನ ಕೈಗಿಟ್ಟರು. ಶಿವಮೊಗ್ಗದಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿರುವ ನನಗೆ ಉತ್ತರ ಹೇಳಲಾಗಲಿಲ್ಲ.

ಇದೇ ಪ್ರಶ್ನೆಯನ್ನು ಎರಡು ವರ್ಷದಿಂದ ಜಗತ್ತಿನ ಆಟಗಾರರು ಕೇಳುತ್ತಿದ್ದಾರೆ. ಫ್ರಾನ್ಸಿನ ಯುಬಿಸಾಫ್ಟ್ 2014ರ ಡಿಸೆಂಬರಿನಲ್ಲಿ 'ದಿ ಕ್ರೂ' ಎಂಬ ಕಾರ್ ರೇಸಿನ ಆಟ ಹೊರತಂದಿತ್ತು. ಅಮೆರಿಕದ ಉದ್ದಗಲಕ್ಕೂ ಕಾರು ಓಡಿಸುವ ಆಟ. 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿದ್ದೇ ತಡ, ಒಬ್ಬರೇ ಆಡುವ ಭಾಗವೂ ಸತ್ತಿತು. ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟವರಿಗೂ ಉಳಿದದ್ದು ಪ್ಲಾಸ್ಟಿಕ್ ಬಿಲ್ಲೆ ಮಾತ್ರ.

ಕಾನೂನಿನ ಭಾಷೆಯಲ್ಲಿ ಇದಕ್ಕೆ ಸಮಜಾಯಿಷಿ ಇದೆ. ಕಂಪ್ಯೂಟರ್ ಆಟಗಳ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್‌ನ ಒಪ್ಪಂದವನ್ನು ಪೂರ್ತಿ ಓದಿದೆ. ಅದರಲ್ಲಿ ನಮ್ಮನ್ನು ಖರೀದಿದಾರ ಎಂದಿಲ್ಲ, ಚಂದಾದಾರ ಎಂದಿದೆ. ಆಟವನ್ನು ಮಾರಿಲ್ಲ, ಆಡಲು ಪರವಾನಗಿ ಕೊಟ್ಟಿದ್ದೇವೆ ಎನ್ನುತ್ತದೆ. ಆ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿನ ಮೇಲೆ 'ಕೊಳ್ಳಿ' ಎಂಬ ಮಾತು ಬಳಸುವಂತಿಲ್ಲ. ಜಾರಿಗೆ ಬರುವ ಮೊದಲೇ, 2024ರ ಅಕ್ಟೋಬರಿನಲ್ಲಿ, ಸ್ಟೀಮ್ ದುಡ್ಡು ಕಟ್ಟುವ ಜಾಗದಲ್ಲಿ ಆ ಸೂಚನೆ ಹಾಕಿತು. ಒಂದು ರಾಜ್ಯದ ಕಾಯ್ದೆಗೆ ಇಷ್ಟು ಬಲ ಇರುವುದನ್ನು ನೋಡಿದರೆ ಇಷ್ಟು ದಿನ ಯಾರೂ ಯಾಕೆ ಕೇಳಲಿಲ್ಲ ಎನಿಸುತ್ತದೆ.

ಗ್ರಾಫಿಕ್ಸ್ ಕಾರ್ಡು, ರ‍್ಯಾಮು ಎಂದು ಅಂಗಡಿಗೆ ಬರುವ ಕಾಲೇಜು ಹುಡುಗರ ಹತ್ತಿರ ಇದನ್ನು ಮಾತಾಡುತ್ತೇನೆ. ಎಲ್ಲರೂ ನನ್ನ ಪಕ್ಷದವರಲ್ಲ. "ಅಣ್ಣ, ಸೇಲ್‌ನಲ್ಲಿ ಇನ್ನೂರು ರೂಪಾಯಿಗೆ ತಗೊಂಡೆ, ಎರಡು ವರ್ಷ ಆಡಿದೆ. ಸಿನಿಮಾ ಟಿಕೆಟ್ ಅಂದ್ಕೊಳ್ಳಿ, ಬಿಡಿ" ಎಂದ ಒಬ್ಬ. ಅವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಿನಿಮಾ ಟಿಕೆಟ್ಟಿನ ಮೇಲೆ ಶೋ ಎಷ್ಟು ಗಂಟೆಗೆ ಎಂದು ಅಚ್ಚಾಗಿರುತ್ತದೆ. ನನ್ನ ಅಪ್ಪಯ್ಯನ 699 ರೂಪಾಯಿಯ ಟಿಕೆಟ್ಟಿನ ಮೇಲೆ ಆಟ ಯಾವಾಗ ಮುಗಿಯುತ್ತದೆ ಎಂದು ಎಲ್ಲಿತ್ತು?

ಇನ್ನೊಬ್ಬ ಹೇಳಿದ್ದು ನನ್ನನ್ನು ಹೆಚ್ಚು ಕಾಡಿತು. "ಕ್ರ್ಯಾಕ್ ಮಾಡಿದ್ದು ಹಾಕಿದ್ದಿದ್ರೆ ಇವತ್ತೂ ಓಡ್ತಿತ್ತು ಅಣ್ಣ."

ಅಂಗಡಿ ಶುರುಮಾಡಿದ ಕಾಲದಲ್ಲಿ ನಮಗೆ ಗೊತ್ತಿದ್ದದ್ದು ಮೆಜೆಸ್ಟಿಕ್ಕಿನಿಂದ ಬರುವ ನಕಲಿ ಸಿ.ಡಿ. ಮಾತ್ರ. ಮಾರ್ಕರಿನಲ್ಲಿ ಹೆಸರು ಗೀಚಿದ, ತೆಳು ಪ್ಲಾಸ್ಟಿಕ್ ಕವರಿನ ಸಿ.ಡಿ. ಅಸಲಿ ಆಟದ ಬೆಲೆ ನಮ್ಮ ಕೈಗೆಟುಕುತ್ತಿರಲಿಲ್ಲ, ಡಾಲರಿನಲ್ಲಿ ಕೊಳ್ಳಲು ಕಾರ್ಡೂ ಇರಲಿಲ್ಲ. 2015ರ ಕೊನೆಯಲ್ಲಿ ಸ್ಟೀಮ್ ರೂಪಾಯಿ ಬೆಲೆ ತಂದಿತು. ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಎಂಬ ನಿಯಮವೂ ಆ ವರ್ಷವೇ ಬಂತು. ಆ ಅಂಗಡಿ ನಮ್ಮಂಥ ಊರುಗಳ ಹುಡುಗರನ್ನು ನ್ಯಾಯವಾಗಿ ಕೊಳ್ಳುವವರನ್ನಾಗಿ ಮಾಡಿತು. ಈ ಉಪಕಾರವನ್ನು ಮರೆತು ಮಾತಾಡಲಾರೆ. ನಾನು ನಕಲಿ ಸಿ.ಡಿ. ಹಾಕಿಕೊಡುವುದನ್ನು ಪೂರ್ತಿ ಬಿಟ್ಟೆ, ಕೇಳಿದವರಿಗೆ ಬುದ್ಧಿಯನ್ನೂ ಹೇಳಿದೆ. ಈಗ ಕದ್ದವನ ಆಟ ಓಡುತ್ತದೆ, ದುಡ್ಡು ಕೊಟ್ಟವನದು ನಿಲ್ಲುತ್ತದೆ ಎಂದರೆ ಆ ಹುಡುಗರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

'ದಿ ಕ್ರೂ' ಮುಚ್ಚಿದ ಬೆನ್ನಿಗೇ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಆರಂಭಿಸಿದರು. ಐರೋಪ್ಯ ಒಕ್ಕೂಟದಲ್ಲಿ ನಾಗರಿಕರ ಮನವಿ ಪರಿಗಣನೆಗೆ ಬರಲು ಹತ್ತು ಲಕ್ಷ ಸಹಿ ಬೇಕು. 2025ರ ಜುಲೈನಲ್ಲಿ ಅವರ ಮನವಿ ಆ ಗಡಿ ದಾಟಿತು. ಸರ್ವರನ್ನು ಸದಾಕಾಲ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ನಿಲ್ಲಿಸುವ ದಿನ ಬಂದಾಗ ಕೊಂಡವರು ತಮ್ಮಷ್ಟಕ್ಕೆ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಖರ್ಚು ವಿಪರೀತ, ಖಾಸಗಿ ಸರ್ವರುಗಳಲ್ಲಿ ಸುರಕ್ಷತೆ ಇರುವುದಿಲ್ಲ ಎಂದು ಕಂಪನಿಗಳ ಒಕ್ಕೂಟ ವಾದಿಸಿದೆ. ಹಲವರು ಸೇರಿ ಆಡುವ ದೊಡ್ಡ ಆಟಗಳಲ್ಲಿ ಕಷ್ಟ ಇದ್ದೀತು, ಒಪ್ಪುತ್ತೇನೆ. ಆದರೆ ವೆಲಾನ್ ಸ್ಟುಡಿಯೋಸ್ 2023ರಲ್ಲಿ 'ನಾಕ್‌ಔಟ್ ಸಿಟಿ'ಯನ್ನು ಮುಚ್ಚುವಾಗ ಆಟಗಾರರೇ ಸರ್ವರ್ ನಡೆಸಿಕೊಳ್ಳುವಂಥ ಆವೃತ್ತಿಯನ್ನು ಬಿಟ್ಟುಕೊಟ್ಟಿತು. ಪೋಲೆಂಡ್ ಮೂಲದ ಜಿಒಜಿ ಅಂಗಡಿಯಲ್ಲಿ ಕೊಂಡ ಆಟದ ಇನ್‌ಸ್ಟಾಲರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳಬಹುದು. ಮಾಡಬೇಕೆಂದವರಿಗೆ ದಾರಿ ಇದೆ. ಒಬ್ಬರೇ ಊರು ಕಟ್ಟುವ ಆಟಕ್ಕಂತೂ ಯಾವ ನೆಪವೂ ಇಲ್ಲ.

ನಮ್ಮ ದೇಶದಲ್ಲಿ ಗೇಮಿಂಗ್ ಎಂದ ಕೂಡಲೇ ಮಾತು ದುಡ್ಡಿಟ್ಟು ಆಡುವ ಆ್ಯಪುಗಳ ಕಡೆ ತಿರುಗುತ್ತದೆ. 2025ರಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸಿತು, ಸರಿಯೇ. ಆದರೆ ಆಟವನ್ನು ಪುಸ್ತಕದಂತೆ ಕೊಂಡು ಇಟ್ಟುಕೊಳ್ಳುವವನ ಪರವಾಗಿಯೂ ಯಾರಾದರೂ ಮಾತಾಡಬೇಕು. ಹಾಗೆಂದು ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. ಆನ್‌ಲೈನ್ ಅಂಗಡಿಗಳು ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ತಂತ್ರಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿ ನಿರ್ಬಂಧಿಸಿದೆ. ಬಾಡಿಗೆಗೆ ಕೊಡುತ್ತಿರುವುದನ್ನು 'ಕೊಳ್ಳಿ' ಎಂದು ಬರೆಯುವುದನ್ನು ಹದಿನಾಲ್ಕನೆಯದಾಗಿ ಸೇರಿಸಲಿ. ಎಷ್ಟು ವರ್ಷದ ಮಟ್ಟಿಗೆ ಆಟ ನಡೆಸುತ್ತೇವೆ ಎಂಬುದು ಬೆಲೆಯ ಪಕ್ಕದಲ್ಲೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ.

ಅಪ್ಪಯ್ಯ ದೆಹಲಿಯ ಗ್ರಾಹಕ ವ್ಯವಹಾರಗಳ ಇಲಾಖೆಗೆ ಬಿಳಿ ಹಾಳೆಯ ಮೇಲೆ ಪತ್ರ ಬರೆಯುತ್ತಿದ್ದಾರೆ, ಮೂರು ಪುಟ ಆಗಿದೆ. ಇಂಗ್ಲಿಷಿಗೆ ಮಾಡಿ ಟೈಪ್ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಜೊತೆಗೆ ರಸೀದಿಯ ಜೆರಾಕ್ಸ್ ಇಡಬೇಕಂತೆ. ಮೂಲಪ್ರತಿಯನ್ನು ಯಾರಿಗೂ ಕೊಡುವುದಿಲ್ಲ ಎಂದು ತಿರುಗಿ ತಂತಿಗೇ ಚುಚ್ಚಿದ್ದಾರೆ. ಭಾನುವಾರ ಅಂಗಡಿಗೆ ರಜೆ, ಅವತ್ತು ಇಬ್ಬರೂ ಕೂರುತ್ತೇವೆ.