ಟ್ಯಾಂಟಲಸನ ಬಾಯಾರಿಕೆ

ಕಳೆದ ಭಾನುವಾರ ನಾನೊಂದು ತಪ್ಪು ಮಾಡಿದೆ. ನಾಲ್ಕು ವರ್ಷದ ಮೊಮ್ಮಗಳಿಗೆ ಕೊಬ್ಬರಿ ಮಿಠಾಯಿ ತೋರಿಸಿ, ಅವಳು ಕೈ ಚಾಚಿದಾಗಲೆಲ್ಲ ಮೇಲಕ್ಕೆತ್ತುತ್ತಿದ್ದೆ. ಎರಡು ಸಲ ನಕ್ಕಳು. ಮೂರನೆಯ ಸಲ ತುಟಿ ನಡುಗಿತು. ಎಂಟನೆಯ ತರಗತಿಯಲ್ಲಿರುವ ಅವಳ ಅಣ್ಣ ಪುಸ್ತಕದಿಂದ ತಲೆಯೆತ್ತಿ, "ಅಜ್ಜಾ, ನೀನು ಅವಳನ್ನ ಟ್ಯಾಂಟಲೈಸ್ ಮಾಡ್ತಿದ್ದೀಯ" ಎಂದ.

"ಆ ಪದ ಎಲ್ಲಿಂದ ಬಂತು, ಗೊತ್ತೇನೋ?" ಎಂದು ಕೇಳಿದೆ. ಮಾತು ಮರೆಸುವ ಉಪಾಯ ಅದು. ಅವನಿಗೆ ಗೊತ್ತಿರಲಿಲ್ಲ. ಕತೆ ಶುರು ಮಾಡಿದೆ.

ಮಕ್ಕಳೇ, ನೀವೂ ಕೇಳಿ. ಗ್ರೀಕರ ಪುರಾಣದಲ್ಲಿ ಟ್ಯಾಂಟಲಸ್ ಒಬ್ಬ ರಾಜ, ದೇವರಾಜ ಜ್ಯೂಸನ ಮಗ. (ನಗಬೇಡಿ, ಹಣ್ಣಿನ ಜ್ಯೂಸ್ ಅಲ್ಲ.) ದೇವತೆಗಳ ಪಂಕ್ತಿಯಲ್ಲೇ ಊಟಕ್ಕೆ ಕೂರುವಷ್ಟು ಸಲಿಗೆ ಅವನಿಗೆ. ಅವರ ಅಮೃತವನ್ನು ಕದ್ದು ಮನುಷ್ಯರಿಗೆ ಹಂಚಿದ ಎಂದು ಒಂದು ಕತೆ. ಇನ್ನೂ ಘೋರವಾದ ಇನ್ನೊಂದು ಕತೆಯಿದೆ, ಅದನ್ನು ಪುಟ್ಟ ಮಕ್ಕಳ ಮುಂದೆ ಹೇಳುವಂತಿಲ್ಲ. ಅವನಿಗಾದ ಶಿಕ್ಷೆಯನ್ನು ಹೋಮರನ 'ಒಡಿಸ್ಸಿ' ವರ್ಣಿಸುತ್ತದೆ. ಸತ್ತವರ ಲೋಕದಲ್ಲಿ, ಗಲ್ಲ ಮುಟ್ಟುವಷ್ಟು ನೀರಿನಲ್ಲಿ ನಿಂತಿದ್ದಾನೆ ಆ ಮುದುಕ. ಕುಡಿಯಲು ಬಗ್ಗಿದರೆ ಸಾಕು, ನೀರೆಲ್ಲ ಇಂಗಿ ಕಾಲಡಿಯ ಕಪ್ಪು ನೆಲ ಕಾಣುತ್ತದೆ. ತಲೆಯ ಮೇಲೆ ದಾಳಿಂಬೆ, ಸೇಬು, ಅಂಜೂರ ತೂಗುತ್ತಿವೆ. ಕೈ ಎತ್ತಿದರೆ ಗಾಳಿ ಬೀಸಿ ಕೊಂಬೆಯನ್ನು ಮೋಡದತ್ತ ಎಳೆದೊಯ್ಯುತ್ತದೆ. ಅವನ ಹೆಸರಿನಿಂದಲೇ ಇಂಗ್ಲಿಷರು ಈ ಕ್ರಿಯಾಪದ ಮಾಡಿಕೊಂಡರು: ಆಸೆ ಹುಟ್ಟಿಸಿ, ಕೈಗೆ ಸಿಗದಂತೆ ಸತಾಯಿಸುವುದು.

ನಮ್ಮಲ್ಲಿ ಇದಕ್ಕೆ 'ಮೂಗಿಗೆ ತುಪ್ಪ ಸವರುವುದು' ಎನ್ನುತ್ತೇವೆ. ವಾಸನೆ ಬರುತ್ತದೆ, ನಾಲಗೆಗೆ ಎಟುಕುವುದಿಲ್ಲ. ನನಗಂತೂ ನಮ್ಮ ಮಾತೇ ಹೆಚ್ಚು ರುಚಿ.

1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಎಂಬ ವಿಜ್ಞಾನಿ ಹೊಸ ಲೋಹವೊಂದನ್ನು ಕಂಡುಹಿಡಿದ. ಅದರ ಆಕ್ಸೈಡನ್ನು ಎಷ್ಟು ಆಮ್ಲದಲ್ಲಿ ಮುಳುಗಿಸಿಟ್ಟರೂ ಅದು ಹೀರಿಕೊಳ್ಳಲೇ ಇಲ್ಲ. ನೀರಲ್ಲಿ ನಿಂತೂ ಬಾಯಾರಿದವನ ನೆನಪಾಗಿ 'ಟ್ಯಾಂಟಲಮ್' ಎಂದು ಹೆಸರಿಟ್ಟ. ಮೊಬೈಲುಗಳ ಒಳಗಿನ ಪುಟ್ಟ ಕೆಪಾಸಿಟರುಗಳಲ್ಲಿ ಈ ಲೋಹವನ್ನು ಬಳಸುತ್ತಾರೆ. ಅದರ ಜೊತೆಗೇ ಅದಿರಿನಲ್ಲಿ ಸಿಗುವ ಇನ್ನೊಂದು ಲೋಹಕ್ಕೆ 1844ರಲ್ಲಿ ಟ್ಯಾಂಟಲಸನ ಮಗಳು ನಯೋಬಿಯ ಹೆಸರು ಬಂತು, ನಯೋಬಿಯಮ್ ಎಂದು.

ಮೊಮ್ಮಗನಿಗೆ ಲೋಹದ ಕತೆ ಹಿಡಿಸಿತು. ಪುಟ್ಟಿ ಮಾತ್ರ, "ಆ ಅಜ್ಜನಿಗೆ ಯಾರೂ ನೀರು ಕೊಡಲಿಲ್ವಾ?" ಎಂದಳು.

"ಇಲ್ಲ ಪುಟ್ಟಿ."

ಆಗ ನೋಡಿಕೊಂಡೆ, ಮಿಠಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕೊಟ್ಟೆ. ತೆಗೆದುಕೊಂಡಳು. ಆದರೆ ರಾತ್ರಿ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ.